ಮುಚ್ಚುವ ಮೊದಲು ಒಮ್ಮೆ ನೋಡಿ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳಲ್ಲಿ ಆಗುವ ಖರ್ಚು, ಬೀಳುವ ಓಡಾಟ, ಕೇಳಬೇಕಾದ ಮಾತುಗಳನ್ನು ನೆನೆದು ಹಿರಿಯರು ಈ ಮಾತನ್ನು ಹೇಳಿದರು. ಮದುವೆಯ ವಿಚಾರ ಇಂದು ಬೇಡ. ಮನೆಯ ವಿಚಾರದಲ್ಲಿ ಮಾತ್ರ ಈ ಗಾದೆಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಬೇಕೆಂದು ನನಗೆ ಇತ್ತೀಚೆಗೆ ಅನ್ನಿಸತೊಡಗಿದೆ. ಕಟ್ಟುವವನು ಕಟ್ಟುತ್ತಾನೆ, ಕಟ್ಟಿಸುವವನು ಹಣ ಕೊಡುತ್ತಾನೆ. ಆದರೆ ಕಟ್ಟುತ್ತಿರುವಾಗ ನಡುವೆ ನಿಂತು ನೋಡುವವರು ಯಾರು?

ಈ ಪ್ರಶ್ನೆ ಏಳಲು ಒಂದು ಪತ್ರ ಕಾರಣ. ನಮ್ಮ ಶಾಲೆಯಲ್ಲಿ ನನ್ನ ಬಳಿ ವಿಜ್ಞಾನ ಓದಿ, ಈಗ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ನೆಲೆಸಿರುವ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಸಂತೋಷದ ಸುದ್ದಿಯೊಂದನ್ನು ಬರೆದಿದ್ದ. ಊರಿನ ಗಡಿಯಾಚೆ ಐದು ಎಕರೆ ಜಮೀನು ಕೊಂಡಿದ್ದಾನಂತೆ. “ಸರ್, ಇಲ್ಲಿ ಸಿಟಿ ಲಿಮಿಟ್ ದಾಟಿದರೆ ಪರ್ಮಿಟ್ಟೂ ಇಲ್ಲ, ಇನ್‌ಸ್ಪೆಕ್ಷನ್ನೂ ಇಲ್ಲ. ನಮ್ಮ ಜಮೀನು, ನಮ್ಮ ಮನೆ, ಕೇಳುವವರು ಯಾರೂ ಇಲ್ಲ. ನಮ್ಮೂರಿನಂತೆಯೇ ಆರಾಮ” ಎಂಬುದು ಆತನ ಮಾತು. ಆತನ ಸಂತೋಷದಲ್ಲಿ ನಾನೂ ಭಾಗಿ. ಆದರೆ ಆ ‘ಆರಾಮ’ ಎಂಬ ಪದದ ಬಗ್ಗೆ ನನಗೆ ತಕರಾರಿದೆ. ಹೊರದೇಶಗಳಲ್ಲಿ ನಮ್ಮ ಮಕ್ಕಳು ಹಲವರು ಹೀಗೆ ಊರಾಚೆ ಜಮೀನು ಕೊಳ್ಳುತ್ತಿರುವುದರಿಂದ, ಆತನೊಬ್ಬನಿಗೇ ಉತ್ತರಿಸುವ ಬದಲು ಎಲ್ಲರಿಗೂ ಅನ್ವಯಿಸುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆಯ ಪರಿಚಯ. ಅಮೆರಿಕದ ರಾಜ್ಯಗಳು ಕೌಂಟಿಗಳಾಗಿ ವಿಭಾಗವಾಗಿವೆ. ಇಡೀ ದೇಶದಲ್ಲಿ ಅಂಥವು ಮೂರು ಸಾವಿರಕ್ಕೂ ಹೆಚ್ಚು. ಕೌಂಟಿಯೊಳಗೆ ಅಲ್ಲಲ್ಲಿ ತಮ್ಮದೇ ಪುರಸಭೆ ಇರುವ ಊರುಗಳಿರುತ್ತವೆ. ಅವುಗಳ ಗಡಿಯ ಹೊರಗೆ ಉಳಿದ ಹೊಲ, ಕಾಡು, ಗುಡ್ಡ, ಬಿಡಿಬಿಡಿ ಮನೆಗಳ ಪ್ರದೇಶಕ್ಕೆ ಅನೇಕ ರಾಜ್ಯಗಳಲ್ಲಿ ಪುರಸಭೆಯೂ ಇಲ್ಲ, ನಮ್ಮ ಗ್ರಾಮ ಪಂಚಾಯಿತಿಯಂಥದ್ದೂ ಇಲ್ಲ. ಕೌಂಟಿಯ ಆಡಳಿತವೇ ಅದಕ್ಕೆ ದಿಕ್ಕು. ಅಲ್ಲಿ ಮನೆ ಕಟ್ಟುವವನು ಅನುಮತಿಗೆ ಹೋಗಬೇಕಾದದ್ದು ಕೌಂಟಿಯ ಕಚೇರಿಗೆ. ಆ ಕಚೇರಿ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಒಮ್ಮೊಮ್ಮೆ ಕೌಂಟಿಯಿಂದ ಕೌಂಟಿಗೆ ಬದಲಾಗುತ್ತದೆ. ವರ್ಜೀನಿಯಾದಲ್ಲಿ 1973ರಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ. ನಗರದ ನಡುವೆ ಕಟ್ಟಿದರೂ ಅದೇ, ಗುಡ್ಡದ ತುದಿಯಲ್ಲಿ ಕಟ್ಟಿದರೂ ಅದೇ. ರೈತನ ಕೊಟ್ಟಿಗೆ, ಕಣಜಗಳಿಗೆ ಮಾತ್ರ ವಿನಾಯಿತಿ. ಟೆಕ್ಸಸ್‌ನಲ್ಲಾದರೋ ಕೌಂಟಿಗಳಿಗೆ ಭೂಬಳಕೆಯನ್ನು ನಿಯಂತ್ರಿಸುವ ಸಾಮಾನ್ಯ ಅಧಿಕಾರವೇ ಇಲ್ಲ. ಹಾಗಾಗಿ ನಮ್ಮ ಹುಡುಗನಿಗೆ ‘ಇಲ್ಲಿ ಯಾರೂ ಕೇಳುವುದಿಲ್ಲ’ ಎಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ನಿವೃತ್ತನಾದ ಮರುವರ್ಷ, 2019ರಲ್ಲಿ, ನಾವು ದಂಪತಿಗಳು ವರ್ಜೀನಿಯಾದಲ್ಲಿರುವ ಮಗಳ ಬಳಿ ಆರು ತಿಂಗಳು ಇದ್ದೆವು. ಆಗ ಅವಳೂ ಅಳಿಯಂದಿರೂ ಪಟ್ಟಣದಿಂದ ದೂರ, ಹಳ್ಳಿಗಾಡಿನ ಕೌಂಟಿಯೊಂದರಲ್ಲಿ ಮನೆ ಕಟ್ಟಿಸುತ್ತಿದ್ದರು. ಕೆಲಸವಿಲ್ಲದ ಮೇಷ್ಟ್ರಿಗೆ ಅದೊಂದು ಶಾಲೆಯೇ ಆಯಿತು. ವಾರಕ್ಕೆರಡು ಬಾರಿಯಾದರೂ ಅಳಿಯಂದಿರ ಜೊತೆ ಕಾರಿನಲ್ಲಿ ಹೋಗಿ, ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ.

ನನಗೆ ಮೊದಲು ವಿಚಿತ್ರವೆನಿಸಿದ್ದು, ಅಲ್ಲಿ ಮನೆಯ ಯೋಚನೆ ಶೌಚದ ಗುಂಡಿಯಿಂದ ಆರಂಭವಾಗುತ್ತದೆ ಎಂಬುದು. ನಾವು ವಾಸ್ತು ನೋಡುತ್ತೇವೆ, ಬಾಗಿಲ ದಿಕ್ಕು ನೋಡುತ್ತೇವೆ, ಸೆಪ್ಟಿಕ್ ಟ್ಯಾಂಕನ್ನು ಉಳಿದ ಮೂಲೆಯಲ್ಲಿ ತೋಡಿಸುತ್ತೇವೆ. ಅಲ್ಲಿ ಒಳಚರಂಡಿ ಇಲ್ಲದ ಜಮೀನಾದರೆ ಮೊದಲು ಮಣ್ಣಿನ ಪರೀಕ್ಷೆ. ಕೆಲವೆಡೆ ಗುಳಿ ತೋಡಿ, ನೀರು ತುಂಬಿ, ಆ ನೀರು ಒಂದಂಗುಲ ಇಳಿಯಲು ಎಷ್ಟು ನಿಮಿಷ ಹಿಡಿಯುತ್ತದೆಂದು ಅಳೆಯುತ್ತಾರೆ. ಇನ್ನು ಕೆಲವೆಡೆ ಮಣ್ಣಿನ ಪದರಗಳ ಬಣ್ಣ, ಜಿಗುಟು ನೋಡಿ ತಜ್ಞರು ನಿರ್ಧರಿಸುತ್ತಾರೆ. ನೀರು ಬಹಳ ನಿಧಾನವಾಗಿ ಇಂಗಿದರೆ ಕೊಳಚೆ ಮೇಲೆ ಬರುತ್ತದೆ. ಬಹಳ ಬೇಗ ಇಂಗಿದರೆ ಶುದ್ಧವಾಗುವ ಮೊದಲೇ ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನ ಬಾವಿಗೂ ಕೊಳಚೆ ಇಂಗುವ ಜಾಗಕ್ಕೂ ಇಷ್ಟು ಅಂತರ ಇರಲೇಬೇಕೆಂದು ಪ್ರತಿ ರಾಜ್ಯವೂ ವಿಧಿಸುತ್ತದೆ; 50ರಿಂದ 100 ಅಡಿ ಎಂಬುದು ಸಾಮಾನ್ಯವಾಗಿ ಕಾಣುವ ಅಳತೆ. ಎಷ್ಟು ಮಲಗುವ ಕೋಣೆಗಳ ಮನೆ ಕಟ್ಟಬಹುದು ಎಂಬುದು ಕೂಡ ಅನೇಕ ವೇಳೆ ಈ ಮಣ್ಣು ಹೇಳಿದಂತೆಯೇ. ಆರೋಗ್ಯ ಇಲಾಖೆಯ ಈ ಒಪ್ಪಿಗೆ ಸಿಗದಿದ್ದರೆ ಎಷ್ಟೇ ಸುಂದರ ಜಮೀನಾದರೂ ಮನೆಯ ಪರವಾನಗಿ ದೊರೆಯುವುದಿಲ್ಲ.

ನಂತರ ನಕ್ಷೆ ಕೊಟ್ಟು, ಶುಲ್ಕ ಕಟ್ಟಿ, ಪರವಾನಗಿ ಪಡೆಯುವುದು. ಇಷ್ಟು ನಮ್ಮಲ್ಲೂ ಇದೆ. ನಮಗೂ ಅವರಿಗೂ ದಾರಿ ಬೇರೆಯಾಗುವುದು ಇದಾದ ಮೇಲೆ. ನಮ್ಮಲ್ಲಿ ಪರವಾನಗಿಯ ಕಾಗದ ಕೈಗೆ ಬಂದರೆ ಕೆಲಸ ಮುಗಿಯಿತು. ಅಲ್ಲಿ ಆ ಕಾಗದ ಬಂದ ಮೇಲೆ ನಿಜವಾದ ಕೆಲಸ ಆರಂಭ. ಕಾಗದವನ್ನು ರಸ್ತೆಗೆ ಕಾಣುವಂತೆ ಕಂಬಕ್ಕೆ ಹೊಡೆಯುತ್ತಾರೆ. ಒಪ್ಪಿಗೆಯಾದ ನಕ್ಷೆ ಕೆಲಸದ ಜಾಗದಲ್ಲೇ ಇರಬೇಕು. ಪಾಯದ ಅಗೆತ ಮುಗಿದಾಗ ಒಂದು ತಪಾಸಣೆ, ಕಾಂಕ್ರೀಟ್ ಸುರಿಯುವ ಮೊದಲು. ಮರದ ಚೌಕಟ್ಟು ನಿಂತು, ಅದರೊಳಗೆ ವಿದ್ಯುತ್ ತಂತಿ, ನೀರಿನ ಕೊಳವೆಗಳು ಹಾದುಹೋದ ಮೇಲೆ ಮತ್ತೊಂದು, ಗೋಡೆಗೆ ಜಿಪ್ಸಮ್ ಹಲಗೆ ಹೊಡೆಯುವ ಮೊದಲು. ಚಳಿ ತಡೆಯುವ ಹತ್ತಿಯಂಥ ಪದರ ತುಂಬಿದಾಗ ಇನ್ನೊಂದು. ಎಲ್ಲ ಮುಗಿದ ಮೇಲೆ ಕೊನೆಯದು. ಅದರಲ್ಲಿ ತೇರ್ಗಡೆಯಾದರೆ ಮಾತ್ರ ವಾಸಯೋಗ್ಯವೆಂಬ ಪ್ರಮಾಣಪತ್ರ, ಆಮೇಲಷ್ಟೇ ಗೃಹಪ್ರವೇಶ.

ಇವುಗಳಲ್ಲೆಲ್ಲ ಒಂದು ಸಾಮಾನ್ಯ ತತ್ತ್ವವಿರುವುದನ್ನು ಗಮನಿಸಿರಿ. ಯಾವುದು ಮುಂದೆ ಕಣ್ಣಿಗೆ ಕಾಣದಂತೆ ಮುಚ್ಚಿಹೋಗುತ್ತದೆಯೋ ಅದನ್ನು ಮುಚ್ಚುವ ಮೊದಲು ನೋಡಬೇಕು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದು ಹೊಸ ಮಾತಲ್ಲ. ವರ್ಷವಿಡೀ ಹುಡುಗರ ನೋಟ್‌ಪುಸ್ತಕ ತಿದ್ದದೆ, ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಮಾಡಿ ‘ನಪಾಸು’ ಎಂದು ಬರೆಯುವುದರಿಂದ ಯಾರಿಗೂ ಉಪಕಾರವಿಲ್ಲ. ಜೂನ್ ತಿಂಗಳಲ್ಲಿ ಭಿನ್ನರಾಶಿ ತಪ್ಪಿದವನನ್ನು ಜೂನ್‌ನಲ್ಲೇ ತಿದ್ದಬೇಕು.

ಪಾಯದ ತಪಾಸಣೆಯ ದಿನ ನಾನು ಅಲ್ಲಿದ್ದೆ. ಕೌಂಟಿಯ ಪಿಕಪ್ ಗಾಡಿಯಲ್ಲಿ ಒಬ್ಬರೇ ಬಂದರು; ಐವತ್ತು ದಾಟಿದ ವಯಸ್ಸು, ಕೆಸರು ಮೆತ್ತಿದ ಬೂಟು. ಹಿಂದಿನ ರಾತ್ರಿ ಮಳೆಯಾಗಿತ್ತು. ಆತ ಉದ್ದನೆಯ ಕಬ್ಬಿಣದ ಸಲಾಕೆಯನ್ನು ತೆಗೆದುಕೊಂಡು ಪಾಯದ ಗುಂಡಿಯ ತಳಕ್ಕೆ ಅಡಿಗೊಂದರಂತೆ ಚುಚ್ಚುತ್ತಾ ಹೋದರು. ಒಂದು ಮೂಲೆಯಲ್ಲಿ ಸಲಾಕೆ ಸಲೀಸಾಗಿ ಒಳಗಿಳಿಯಿತು. ಮಳೆಗೆ ಬದಿಯ ಮಣ್ಣು ಕುಸಿದು ತಳದಲ್ಲಿ ಸೇರಿಕೊಂಡಿತ್ತು. “ಗಟ್ಟಿ ನೆಲ ಸಿಗುವವರೆಗೆ ತೆಗೆಯಿರಿ, ಮತ್ತೆ ಕರೆಯಿರಿ” ಎಂದು ಚೀಟಿ ಬರೆದುಕೊಟ್ಟರು. ಅಂದು ಮಧ್ಯಾಹ್ನಕ್ಕೆ ಕಾಂಕ್ರೀಟ್ ಗಾಡಿ ಹೇಳಿಯಾಗಿತ್ತು. ಅದನ್ನು ರದ್ದು ಮಾಡಬೇಕಾಯಿತು, ಎರಡು ದಿನ ಕೆಲಸ ನಿಂತಿತು. ಅಳಿಯಂದಿರ ಮುಖ ಸಪ್ಪಗಾಯಿತು, ಕಂಟ್ರಾಕ್ಟರು ಗೊಣಗಿದರು. ಮಗಳು ಕಾಫಿ ಕೊಡಲು ಹೋದಾಗ ಅವರು ನಗುತ್ತಲೇ ಬೇಡವೆಂದು, ತಮ್ಮ ಗಾಡಿಯಲ್ಲಿದ್ದ ನೀರನ್ನೇ ಕುಡಿದು ಹೊರಟರು. ಮೂರನೆಯ ದಿನ ಬಂದು ಅದೇ ಸಲಾಕೆಯನ್ನು ಅದೇ ಮೂಲೆಗೆ ಚುಚ್ಚಿ, ಒಪ್ಪಿಗೆ ಹಾಕಿದರು.

ಆ ಮೂಲೆಯ ಮೇಲೆ ಇಂದು ನನ್ನ ಮೊಮ್ಮಗಳು ಮಲಗುವ ಕೋಣೆಯಿದೆ. ಸಡಿಲ ಮಣ್ಣಿನ ಮೇಲೆ ಕಾಂಕ್ರೀಟ್ ಬಿದ್ದಿದ್ದರೆ ಅದೇ ದಿನ ಏನೂ ಆಗುತ್ತಿರಲಿಲ್ಲ. ನಾಲ್ಕು ವರ್ಷದ ಮೇಲೆ ಗೋಡೆ ಬಿರುಕು ಬಿಡುತ್ತಿತ್ತು, ಬಾಗಿಲು ಸಿಕ್ಕಿಕೊಳ್ಳುತ್ತಿತ್ತು. ಆಗ ಕಾರಣ ಹುಡುಕುವವರಿಗೆ ಕಾಣುವುದು ಬಿರುಕೇ ಹೊರತು ಮಣ್ಣಲ್ಲ.

ಪಾಯ ಎಷ್ಟು ಆಳ ಇರಬೇಕೆಂಬುದರಲ್ಲಿಯೂ ನಮ್ಮ ಎಂಟನೆಯ ತರಗತಿಯ ವಿಜ್ಞಾನವೇ ಇದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇಕಡಾ 9ರಷ್ಟು ಹೆಚ್ಚುತ್ತದೆ ಎಂದು ನಿಮಗೆಲ್ಲ ಹೇಳಿಕೊಟ್ಟಿದ್ದೆ. ಬಾಟಲಿ ಒಡೆಯುವ ಉದಾಹರಣೆ ನೆನಪಿರಬಹುದು. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿದರೆ ನೆಲ ಉಬ್ಬಿ ಪಾಯವನ್ನೇ ಮೇಲೆತ್ತುತ್ತದೆ. ಆದ್ದರಿಂದ ಆ ಪ್ರದೇಶದಲ್ಲಿ ನೆಲ ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೆಯೋ ಅದಕ್ಕಿಂತ ಕೆಳಗೆ ಪಾಯ ಇಳಿಯಬೇಕು. ಈ ಆಳ ಊರಿಂದೂರಿಗೆ ಬೇರೆ. ಬೇರೆ ಊರಿನಿಂದ ಬಂದು ಜಮೀನು ಕೊಂಡವನಿಗೆ ಅದು ಹೇಗೆ ಗೊತ್ತಾಗಬೇಕು? ಕೌಂಟಿ ಕಚೇರಿಗೆ ಗೊತ್ತಿರುತ್ತದೆ.

ಅಮೆರಿಕದ ಬಹುಪಾಲು ಪ್ರದೇಶಗಳಲ್ಲಿ ಮನೆಗಳಿಗೆ ಆಧಾರವಾಗಿರುವ ಸಂಹಿತೆಯನ್ನು ಸಿದ್ಧಪಡಿಸುವುದು ಸರ್ಕಾರವಲ್ಲ, ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ಎಂಬ ಸಂಸ್ಥೆ. ಬೇರೆ ಬೇರೆ ಪ್ರಾಂತ್ಯಗಳ ಮೂರು ಸಂಸ್ಥೆಗಳು ಸೇರಿ 1994ರಲ್ಲಿ ಅದನ್ನು ಸ್ಥಾಪಿಸಿದವು. ಮನೆಗಳಿಗಾಗಿಯೇ ಇರುವ ಅದರ ಸಂಹಿತೆಯ ಮೊದಲ ಆವೃತ್ತಿ ಬಂದದ್ದು 2000ದಲ್ಲಿ. ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ರಾಜ್ಯಗಳೂ ಕೌಂಟಿಗಳೂ ಅದನ್ನು ತಮಗೆ ಬೇಕಾದ ತಿದ್ದುಪಡಿಗಳೊಂದಿಗೆ ಕಾನೂನಾಗಿ ಸ್ವೀಕರಿಸುತ್ತವೆ. ಹೊರನೋಟಕ್ಕೆ ಅದು ಅಂಕೆಗಳ ಒಣ ಕಾಡು. ಆದರೆ ಒಂದೊಂದು ಅಂಕೆಯ ಹಿಂದೆಯೂ ಮನುಷ್ಯನ ಮೈಯಳತೆಯಿದೆ. ನೆಲದಿಂದ 30 ಅಂಗುಲಕ್ಕಿಂತ ಎತ್ತರದ ಜಗುಲಿಗೆ ಕಟಕಟೆ ಬೇಕು. ಅದರ ಸರಳುಗಳ ಸಂದಿಯಲ್ಲಿ ನಾಲ್ಕು ಅಂಗುಲದ ಚೆಂಡು ತೂರಬಾರದು, ಏಕೆಂದರೆ ಅದು ತೂರಿದರೆ ಮಗು ತೂರುತ್ತದೆ. ಮಲಗುವ ಕೋಣೆಯ ಕಿಟಕಿಯ ತಳ ನೆಲದಿಂದ 44 ಅಂಗುಲಕ್ಕಿಂತ ಎತ್ತರ ಇರಬಾರದು, ಏಕೆಂದರೆ ಬೆಂಕಿ ಬಿದ್ದ ರಾತ್ರಿ ಅದರ ಮೂಲಕವೇ ಹೊರಬೀಳಬೇಕು. ಮೆಟ್ಟಿಲುಗಳ ಎತ್ತರದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂಗುಲದ ಎಂಟನೆಯ ಮೂರು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು, ಏಕೆಂದರೆ ಕತ್ತಲಲ್ಲಿ ಇಳಿಯುವಾಗ ಕಣ್ಣಿಗಿಂತ ಕಾಲು ಲೆಕ್ಕ ಇಡುತ್ತದೆ. ನಮ್ಮ ವಯಸ್ಸಿನವರಿಗೆ ಈ ಕೊನೆಯ ನಿಯಮದ ಬೆಲೆ ಚೆನ್ನಾಗಿ ಗೊತ್ತು.

ಇಷ್ಟು ಹೊಗಳಿದ ಮಾತ್ರಕ್ಕೆ ಅಲ್ಲಿನ ವ್ಯವಸ್ಥೆಯಲ್ಲಿ ದೋಷವಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಹಳ್ಳಿಗಾಡಿನ ಕೌಂಟಿಗಳಲ್ಲಿ ಇಡೀ ಪ್ರದೇಶಕ್ಕೆ ತಪಾಸಣೆಯವರು ಒಬ್ಬರೋ ಇಬ್ಬರೋ. ದೂರದೂರ ಓಡಾಡುವುದರಲ್ಲೇ ಅವರ ದಿನ ಕಳೆಯುತ್ತದೆ. ‘ಮಂಗಳವಾರ ಬರುತ್ತೇನೆ’ ಎಂದರೆ ಬೆಳಿಗ್ಗೆ ಎಂಟಕ್ಕೋ ಸಂಜೆ ನಾಲ್ಕಕ್ಕೋ ತಿಳಿಯದು. ಮನೆಯವರು ರಜೆ ಹಾಕಿ ಕಾಯಬೇಕು. ಕಟ್ಟಡಕ್ಕೆ ಒಂದು ಕಚೇರಿ, ಕೊಳಚೆಗೆ ಇನ್ನೊಂದು, ರಸ್ತೆಗೆ ದಾರಿ ಕೂಡಿಸಲು ಮತ್ತೊಂದು. ಪರವಾನಗಿ ಪಡೆದು ಆರು ತಿಂಗಳೊಳಗೆ ಕೆಲಸ ಆರಂಭಿಸದಿದ್ದರೆ, ಅಥವಾ ನಡುವೆ ಅಷ್ಟು ಕಾಲ ನಿಲ್ಲಿಸಿದರೆ, ಸಾಮಾನ್ಯವಾಗಿ ಪರವಾನಗಿ ಬಿದ್ದುಹೋಗುತ್ತದೆ. ಕೈಯಲ್ಲಿ ಹಣ ಬಂದಂತೆ ಒಂದೊಂದು ಗೋಡೆ ಏರಿಸುವ ಬಡವನಿಗೆ ಇದು ಕಷ್ಟ. ಶುಲ್ಕವೂ ಕಡಿಮೆಯಲ್ಲ. ‘ನಾನು ನನ್ನ ಕೈಯಾರೆ, ನನ್ನ ಜಮೀನಿನಲ್ಲಿ, ನನಗಾಗಿ ಕಟ್ಟಿಕೊಳ್ಳುವ ಗೂಡಿಗೆ ಇನ್ನೊಬ್ಬರ ಅಪ್ಪಣೆ ಏಕೆ?’ ಎಂದು ಅಲ್ಲಿನ ಹಳ್ಳಿಗರು ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದಾಗದು.

ಕೆಲವು ಕೌಂಟಿಗಳು ಈ ಪ್ರಶ್ನೆಗೆ ಮಣಿದಿವೆ ಕೂಡ. ಅರಿಜೋನಾ ರಾಜ್ಯದ ಕೊಚೀಸ್ ಕೌಂಟಿಯಲ್ಲಿ, ನಾಲ್ಕು ಎಕರೆ ಅಥವಾ ಹೆಚ್ಚಿನ ಗ್ರಾಮೀಣ ಜಮೀನಿನಲ್ಲಿ ತನಗಾಗಿ ಮನೆ ಕಟ್ಟಿಕೊಳ್ಳುವವನು ನಕ್ಷೆಯ ಪರಿಶೀಲನೆ, ಕಟ್ಟಡದ ತಪಾಸಣೆಗಳು ಬೇಡವೆಂದು ಹೇಳುವ ಅವಕಾಶವಿದೆ. ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕೌಂಟಿಯಲ್ಲಿ ‘ಕ್ಲಾಸ್ ಕೆ’ ಎಂಬ ಸಡಿಲ ನಿಯಮಗಳ ಪರವಾನಗಿಯಿದೆ. ಹಳ್ಳಿಗಾಡಿನಲ್ಲಿ ಸ್ವಂತಕ್ಕೆ ಸರಳ ಮನೆ ಕಟ್ಟಿಕೊಳ್ಳುವವರಿಗೆಂದೇ ಮಾಡಿದ್ದು. ಇವು ವಿಚಾರಮಾಡಿ ಕೊಟ್ಟ ರಿಯಾಯಿತಿಗಳು. ಮಣ್ಣು, ಕಲ್ಲು, ಹುಲ್ಲುಗಳಿಂದ ಹೊಸ ರೀತಿಯಲ್ಲಿ ಕಟ್ಟಬಯಸುವವರಿಗೆ ಇವು ಉಸಿರಾಡಲು ಎಡೆ ಕೊಟ್ಟಿವೆ ಎಂಬುದನ್ನು ಒಪ್ಪಲೇಬೇಕು.

ಆದರೆ ‘ಕೇಳುವವರಿಲ್ಲ’ ಎಂಬುದರ ಇನ್ನೊಂದು ಮುಖವನ್ನು ನೋಡಬೇಕಾದರೆ ನಮ್ಮ ಹುಡುಗನಿರುವ ಟೆಕ್ಸಸ್‌ಗೇ ಬರಬೇಕು. ಮೆಕ್ಸಿಕೊ ಗಡಿಯುದ್ದಕ್ಕೂ, ಪುರಸಭೆಗಳ ಗಡಿಯಾಚೆ, ‘ಕೊಲೋನಿಯಾ’ ಎಂದು ಕರೆಯುವ ವಸತಿಗಳಿವೆ. ಸುಮಾರು 1950ರ ದಶಕದಿಂದ ಭೂವ್ಯಾಪಾರಿಗಳು ಬೆಲೆಯಿಲ್ಲದ ಹೊಲಗಳನ್ನು ಸಣ್ಣ ನಿವೇಶನಗಳಾಗಿ ಕತ್ತರಿಸಿ ಬಡ ಕೂಲಿಕಾರರಿಗೆ ಕಂತಿನ ಮೇಲೆ ಮಾರಿದರು. ಕೊನೆಯ ಕಂತು ತೀರುವವರೆಗೆ ಪತ್ರ ಕೊಳ್ಳುವವನ ಹೆಸರಿಗಿಲ್ಲ. ನೀರಿಲ್ಲ, ಚರಂಡಿಯಿಲ್ಲ, ರಸ್ತೆಯಿಲ್ಲ. ಮಳೆ ಬಂದರೆ ಶೌಚದ ಗುಂಡಿಯೂ ಅಂಗಳವೂ ಒಂದೇ. ಕಾನೂನು ಕೇಳುವಂತಿರಲಿಲ್ಲ, ಆದ್ದರಿಂದ ಯಾರೂ ಕೇಳಲಿಲ್ಲ. ಲಕ್ಷಾಂತರ ಜನ ಅಂಥಲ್ಲಿ ನೆಲೆ ನಿಂತ ಮೇಲೆ ರಾಜ್ಯ ಸರ್ಕಾರ ಎಚ್ಚೆತ್ತು, 1989ರಲ್ಲಿಯೂ ಮತ್ತೆ 1995ರಲ್ಲಿಯೂ ಕಾನೂನುಗಳನ್ನು ತಂದು, ನೀರು ಚರಂಡಿಗಳ ವ್ಯವಸ್ಥೆಯಿಲ್ಲದೆ ನಿವೇಶನ ಮಾರುವುದಕ್ಕೆ ತಡೆ ಹಾಕಿತು. ಆ ಹೊತ್ತಿಗೆ ಒಂದು ತಲೆಮಾರು ಬೆಳೆದಾಗಿತ್ತು. ಕೇಳುವವರಿಲ್ಲದ ಊರಿನಲ್ಲಿ ಆರಾಮವಾಗಿರುವವನು ಮಾರುವವನು, ಕಷ್ಟಪಡುವವನು ಕೊಂಡವನು. ಈ ಚರಿತ್ರೆಯನ್ನು ಓದಿದ ಮೇಲೆ ತಪಾಸಣೆಯನ್ನು ಸ್ವಾತಂತ್ರ್ಯದ ಶತ್ರುವೆಂದು ಎಣಿಸಲು ನನಗೆ ಸಾಧ್ಯವಾಗುತ್ತಿಲ್ಲ.

ಇನ್ನೊಂದು ಮಾತು. ಹಳ್ಳಿಗಾಡಿನಲ್ಲಿ ಮನೆಗಳು ದೂರದೂರ ಇರುವುದರಿಂದ ನಿಯಮ ಕಡಿಮೆ ಸಾಕು, ಒಬ್ಬನ ಮನೆ ಬಿದ್ದರೆ ಇನ್ನೊಬ್ಬನಿಗೆ ಹಾನಿಯಿಲ್ಲ ಎಂದು ಕೆಲವರ ವಾದ. ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಪಟ್ಟಣದಲ್ಲಿ ತಂತಿ ಸುಟ್ಟರೆ ಕೆಲವೇ ನಿಮಿಷಗಳಲ್ಲಿ ಅಗ್ನಿಶಾಮಕ ಗಾಡಿ ಬರುತ್ತದೆ, ನೆರೆಯವನು ಬಾಗಿಲು ಬಡಿಯುತ್ತಾನೆ. ಹಳ್ಳಿಗಾಡಿನಲ್ಲಿ ಗಾಡಿ ಬರುವ ಹೊತ್ತಿಗೆ ಬೂದಿ ಉಳಿದಿರುತ್ತದೆ. ಅಲ್ಲಿ ಮನೆಯೇ ತನ್ನ ನೆರೆಯವನೂ ಆಗಬೇಕು. ಪ್ರವಾಹವೂ ಅಷ್ಟೇ. 2025ರ ಜುಲೈ 4ರ ಬೆಳಗಿನ ಜಾವ ಟೆಕ್ಸಸ್‌ನ ಗ್ವಾಡಲೂಪೆ ನದಿ ಉಕ್ಕಿ, ಆ ಪ್ರವಾಹದಲ್ಲಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡ ಸುದ್ದಿಯನ್ನು ನಾವೆಲ್ಲ ಓದಿದೆವು. ನದಿ ಉಕ್ಕುವಾಗ ಇದು ಪುರಸಭೆಯ ಗಡಿ, ಇದು ಕೌಂಟಿಯ ಗಡಿ ಎಂದು ನೋಡುವುದಿಲ್ಲ.

ಹಾಗಾದರೆ ಟೆಕ್ಸಸ್‌ನಲ್ಲಿ ಐದು ಎಕರೆ ಕೊಂಡ ನಮ್ಮ ಹುಡುಗ ಮಾಡಬೇಕಾದದ್ದೇನು? ‘ಪರ್ಮಿಟ್ ಇಲ್ಲ’ ಎಂಬ ಮಾತೇ ಪೂರ್ತಿ ನಿಜವಲ್ಲ. ಹತ್ತು ಎಕರೆಗಿಂತ ಕಡಿಮೆ ಜಮೀನಿನಲ್ಲಿ ಸೆಪ್ಟಿಕ್ ವ್ಯವಸ್ಥೆ ಮಾಡಲು ಅಲ್ಲಿಯೂ ಪರವಾನಗಿ ಬೇಕು. ಜಮೀನಿನ ಯಾವುದಾದರೂ ಭಾಗ ಪ್ರವಾಹದ ನಕ್ಷೆಯೊಳಗೆ ಬಂದರೆ, ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಗೆ ಸೇರಿರುವ ಕೌಂಟಿಗಳಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. 2009ರಲ್ಲಿ ಬಂದ ಕಾನೂನಿನಂತೆ, ಅದನ್ನು ತನ್ನಲ್ಲಿ ಜಾರಿಗೆ ತಂದುಕೊಂಡ ಕೌಂಟಿಯಲ್ಲಿ ಬಿಲ್ಡರ್ ಕಟ್ಟುವ ಹೊಸ ಮನೆಗೆ ಕನಿಷ್ಠ ಮೂರು ತಪಾಸಣೆಗಳಾಗಬೇಕು: ಪಾಯಕ್ಕೆ ಕಾಂಕ್ರೀಟ್ ಸುರಿಯುವ ಮೊದಲು, ಚೌಕಟ್ಟನ್ನು ಹಲಗೆಯಿಂದ ಮುಚ್ಚುವ ಮೊದಲು, ಎಲ್ಲ ಮುಗಿದ ಮೇಲೆ. ಆತನ ಕೌಂಟಿ ಅದನ್ನು ಜಾರಿಗೆ ತಂದಿದೆಯೇ ಎಂದು ಕಚೇರಿಗೆ ಹೋಗಿ ಕೇಳಲಿ. ತಂದಿಲ್ಲವಾದರೆ ಪರವಾನಗಿ ಪಡೆದ ಇಂಜಿನಿಯರನ್ನೋ ತಪಾಸಣೆಗಾರನನ್ನೋ ತಾನೇ ಹಣ ಕೊಟ್ಟು ಈ ಮೂರೂ ಹೊತ್ತಿಗೆ ಕರೆಸಲಿ. ಆತ ಬಿಲ್ಡರ್‌ನ ಗೆಳೆಯನಾಗಿರದಿರಲಿ. ಪ್ರತಿ ಹಂತದಲ್ಲಿಯೂ ಫೋಟೊ ತೆಗೆದು ದಿನಾಂಕ ಸಹಿತ ಇಟ್ಟುಕೊಳ್ಳಲಿ. ಜಮೀನು ಇನ್ನೂ ಕೊಳ್ಳದವರಿಗೆ ಒಂದು ಮಾತು: ಮಣ್ಣಿನ ಪರೀಕ್ಷೆ ಸೆಪ್ಟಿಕ್ ವ್ಯವಸ್ಥೆಗೆ ಒಪ್ಪಿದರೆ ಮಾತ್ರ ಖರೀದಿ ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿರಿ. ಅಗೆಯುವ ಕೆಲವು ದಿನ ಮೊದಲು 811 ಎಂಬ ಸಂಖ್ಯೆಗೆ ಕರೆ ಮಾಡಿದರೆ ನೆಲದೊಳಗಿನ ತಂತಿ, ಕೊಳವೆಗಳನ್ನು ಗುರುತು ಮಾಡಿಸಿಕೊಡುತ್ತಾರೆ. ಅದಕ್ಕೆ ಶುಲ್ಕವಿಲ್ಲ.

ಇಷ್ಟು ಓದಿದ ಮೇಲೆ ಊರಿನಲ್ಲಿರುವ ನನ್ನ ವಿದ್ಯಾರ್ಥಿಗಳು, ‘ಅಮೆರಿಕದ ಪುರಾಣ ನಮಗೇಕೆ ಮೇಷ್ಟ್ರೇ?’ ಎಂದು ಕೇಳಬಹುದು. ಆ ಹುಡುಗ ‘ನಮ್ಮೂರಿನಂತೆಯೇ ಆರಾಮ’ ಎಂದು ಬರೆದನಲ್ಲ, ಅದಕ್ಕೆ. ನಮ್ಮೂರಿನಲ್ಲಿ ನಿಯಮವಿಲ್ಲವೆಂದು ಆತನಿಗೆ ಯಾರು ಹೇಳಿದರು? ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ ಎಂದು 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಅದೇ ವರ್ಷದ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ನೆಲ ನಡುಗಿತು. ಕಲಬುರಗಿ, ಬೀದರ್‌ಗಳವರೂ ಮನೆಯಿಂದ ಹೊರಗೋಡಿ ಬಂದರು. ಅಲ್ಲಿ ಸಾವಿರಾರು ಮಂದಿಯನ್ನು ಕೊಂದದ್ದು ನೆಲದ ನಡುಕಕ್ಕಿಂತ ಹೆಚ್ಚಾಗಿ, ಕೆಸರಿನಲ್ಲಿ ಜೋಡಿಸಿದ ಕಲ್ಲಿನ ದಪ್ಪ ಗೋಡೆಗಳು ಮತ್ತು ಮಣ್ಣು ಹೇರಿದ ಭಾರದ ಮಾಳಿಗೆಗಳು. ಅಂಥ ಮನೆಗಳನ್ನು ಹೇಗೆ ಭದ್ರಪಡಿಸಬೇಕೆಂದು ಭಾರತೀಯ ಮಾನಕ ಬ್ಯೂರೋ ಕೈಪಿಡಿಗಳನ್ನು ಪ್ರಕಟಿಸಿದ್ದೂ 1993ರಲ್ಲಿಯೇ. ಅಂದರೆ ನಮ್ಮಲ್ಲಿ ಅನುಮತಿಯ ಕಾನೂನೂ ಇದೆ, ಕಟ್ಟುವ ವಿಧಾನದ ಪುಸ್ತಕವೂ ಇದೆ. ಇವೆರಡರ ನಡುವೆ ಸಲಾಕೆ ಹಿಡಿದು ಬರುವ ಮನುಷ್ಯ ಮಾತ್ರ ಇಲ್ಲ. ಪಂಚಾಯಿತಿ ಖಾತೆ ನೋಡುತ್ತದೆ, ಕಂದಾಯ ನೋಡುತ್ತದೆ, ಪಾಯವನ್ನು ನೋಡುವುದಿಲ್ಲ.

ಒಂದು ಕಡೆ ಮಾತ್ರ ನೋಡುವ ಅಭ್ಯಾಸ ನಮ್ಮಲ್ಲೂ ಬಂದಿದೆ. ಸರ್ಕಾರದ ವಸತಿ ಯೋಜನೆಗಳ ಮನೆಗಳಿಗೆ ಪಾಯ, ಲಿಂಟಲ್, ತಾರಸಿ ಎಂದು ಹಂತ ಹಂತವಾಗಿ ಫೋಟೊ ತೆಗೆದು ಕಳುಹಿಸಿದ ಮೇಲೆಯೇ ಫಲಾನುಭವಿಗೆ ಮುಂದಿನ ಕಂತು ಬಿಡುಗಡೆ. ಆ ಫೋಟೊ ತೆಗೆಯುವುದು ಹಣಕ್ಕೆ ತಕ್ಕಷ್ಟು ಕೆಲಸವಾಗಿದೆಯೇ ಎಂದು ತಿಳಿಯಲು. ಕೆಲಸ ಗಟ್ಟಿಯಾಗಿದೆಯೇ ಎಂದು ತಿಳಿಯಲು ಅಲ್ಲ. ಆದರೂ ಜಾಗಕ್ಕೆ ಹೋಗುವ ದಾರಿ ಬಿದ್ದಿದೆಯಲ್ಲ! ಹೋದವರು ಫೋಟೊ ತೆಗೆಯುವ ಮುನ್ನ ಕಬ್ಬಿಣದ ಸರಳು ಎಷ್ಟು ಅಂತರದಲ್ಲಿದೆ, ಪಾಯ ಗಟ್ಟಿ ನೆಲ ಮುಟ್ಟಿದೆಯೇ, ಬಾವಿಗೂ ಗುಂಡಿಗೂ ದೂರವೆಷ್ಟು ಎಂಬ ಮೂರು ಸಂಗತಿಗಳನ್ನು ನೋಡಿ ಬರೆದರೆ, ಹೊಸ ಇಲಾಖೆಯೂ ಬೇಡ, ಹೊಸ ಕಾನೂನೂ ಬೇಡ.

‘ತಪಾಸಣೆ ಎಂದರೆ ಇನ್ನೊಬ್ಬ ಲಂಚಕ್ಕೆ ಕೈ ಒಡ್ಡುತ್ತಾನೆ ಅಷ್ಟೇ’ ಎಂದು ನಿಮ್ಮಲ್ಲಿ ಹಲವರು ಹೇಳುವಿರಿ. ಆ ಭಯ ಸುಳ್ಳಲ್ಲ. ಆದರೆ ಏನನ್ನು ನೋಡಬೇಕೆಂಬ ಪಟ್ಟಿ ಒಂದು ಹಾಳೆಯಲ್ಲಿ ಅಚ್ಚಾಗಿ ಮನೆಯವನ ಕೈಯಲ್ಲೂ ಇದ್ದರೆ, ಬೇಡವೆನ್ನಲು ಕಾರಣವನ್ನು ಬರೆದೇ ಕೊಡಬೇಕೆಂದಿದ್ದರೆ, ಲಂಚಕ್ಕೆ ಎಡೆ ಕಡಿಮೆಯಾಗುತ್ತದೆ. ಗುಟ್ಟಾಗಿರುವ ನಿಯಮವೇ ಲಂಚಕ್ಕೆ ಹೊಲ. ಮಗಳ ಮನೆಯ ಪಾಯಕ್ಕೆ ‘ಬೇಡ’ ಎಂದ ಅಧಿಕಾರಿ ಕಾರಣವನ್ನು ಎರಡೇ ಸಾಲಿನಲ್ಲಿ ಬರೆದುಕೊಟ್ಟಿದ್ದರು. ಅದನ್ನು ಸರಿಪಡಿಸಿದ ಮೇಲೆ ‘ಬೇಡ’ ಎನ್ನಲು ಅವರಿಗೆ ಮತ್ತೆ ಅವಕಾಶವಿರಲಿಲ್ಲ.

ನಿಮ್ಮಲ್ಲಿ ಕೆಲವರು ಇಂದು ಪಿಡಿಒಗಳಾಗಿದ್ದೀರಿ, ಇಬ್ಬರು ತಾಲ್ಲೂಕು ಮಟ್ಟದ ಇಂಜಿನಿಯರುಗಳಾಗಿದ್ದೀರಿ, ಮೂರ್ನಾಲ್ಕು ಮಂದಿ ಪಂಚಾಯಿತಿ ಸದಸ್ಯರೂ ಆಗಿದ್ದವರು. ಅಚ್ಚುಕಟ್ಟಾಗಿ ಕೆಲಸ ಮಾಡುವ ಗಾರೆ ಮೇಸ್ತ್ರಿಗಳೂ ನನ್ನ ಶಿಷ್ಯರಲ್ಲಿದ್ದಾರೆ. ಅವರ ವಿಷಯದಲ್ಲಿ ನನಗೆ ಉಳಿದವರಷ್ಟೇ ಹೆಮ್ಮೆ. ನೀವೆಲ್ಲ ಒಂದು ಪಂಚಾಯಿತಿಯಲ್ಲಾದರೂ ಸೇರಿ ಕುಳಿತು, ಹತ್ತು ಅಂಶಗಳ ಅಂಥ ಪಟ್ಟಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿದರೆ, ಅದರ ಭಾಷೆಯನ್ನು ತಿದ್ದಿಕೊಡುವ ಕೆಲಸ ನನ್ನದು. ಕೆಂಪು ಶಾಯಿ ಇನ್ನೂ ಮುಗಿದಿಲ್ಲ. ಈ ವಿಚಾರದಲ್ಲಿ ನನ್ನ ಮಾತು ಒಪ್ಪದವರೂ ಸಂಕೋಚವಿಲ್ಲದೆ ಬರೆಯಿರಿ.

ನಿಮ್ಮ ಹಿತೈಷಿ,
ಮೇಷ್ಟ್ರು